ಎಷ್ಟು ಬಿಸಿಗೆ ಯಾವ ಎಣ್ಣೆ?

ನಮ್ಮ ಸಂಘದ ಮಕ್ಕಳಲ್ಲಿ ಕೆಮಿಸ್ಟ್ರಿ ಓದುತ್ತಿರುವವರು ಈಗ ಕಡಿಮೆಯೇನಿಲ್ಲ. ನಾನು ಓದಿದ್ದು ಇಂಗ್ಲಿಷ್ ಬಿ.ಎ. ಆದರೂ ಎಂ.ಎಸ್‌ಸಿ. ಮಾಡುತ್ತಿರುವ ಮಗಳು ಮನೆಗೆ ತರುವ ಲ್ಯಾಬಿನ ಸುದ್ದಿಗಳಲ್ಲಿ ಒಂದು ನನ್ನಂಥ ಗೃಹಿಣಿಗೂ ಚೆನ್ನಾಗಿ ಅರ್ಥವಾಗುತ್ತದೆ: ಅದೇ ಆಯಿಲ್ ಬಾತ್.

ಗಾಜಿನ ಫ್ಲಾಸ್ಕನ್ನು ನೇರ ಉರಿಗೆ ಹಿಡಿದರೆ ತಳ ಮಾತ್ರ ಕಾದು ಒಳಗಿನದು ಸೀಯುತ್ತದೆ. ಅದಕ್ಕೇ ಕಾದ ದ್ರವದಲ್ಲಿ ಮುಳುಗಿಸಿಡುತ್ತಾರೆ. ಚಳಿಗಾಲದಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಶೀಶೆಯನ್ನು ಬಿಸಿನೀರಿನಲ್ಲಿ ಇಡುತ್ತೇವಲ್ಲ, ಹಾಗೆ. ಆದರೆ ನೀರು 100 ಡಿಗ್ರಿಗೇ ಕುದಿದುಬಿಡುತ್ತದೆ. ಅದಕ್ಕಿಂತ ಮೇಲೆ ಹೋಗಬೇಕಾದರೆ?

ಅಡುಗೆ ಎಣ್ಣೆ ಸುಲಭವಾಗಿ ಸಿಗುತ್ತದೆ, ನಿಜ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಏನಾಗುತ್ತದೆಂದು ನಿಮ್ಮ ಅಮ್ಮಂದಿರನ್ನು ಕೇಳಿ: ಕಪ್ಪು, ಅಂಟು, ಕಮಟು ವಾಸನೆ. ಗ್ಲಿಸರಿನ್ ನೀರಿನಲ್ಲಿ ಬೆರೆಯುವುದರಿಂದ ತೊಳೆಯಲು ಸುಲಭ. ಅತಿಯಾಗಿ ಕಾದರೆ ಮಾತ್ರ ಅಕ್ರೋಲಿನ್ ಎಂಬ, ಕಣ್ಣು ಮೂಗು ಉರಿಸುವ ವಿಷದ ಹೊಗೆ ಬರುತ್ತದೆ. ಲಿಕ್ವಿಡ್ ಪ್ಯಾರಾಫಿನ್ ಅಗ್ಗ, ಆದರೆ 150 ಡಿಗ್ರಿ ದಾಟಿದರೆ ಅದನ್ನು ನಂಬುವಂತಿಲ್ಲ. ಸಿಲಿಕೋನ್ ಎಣ್ಣೆ ದುಬಾರಿ; ಸುಮಾರು 200ರವರೆಗೆ, ಕೆಲವು ಬಗೆಯವು 250ರ ಹತ್ತಿರದವರೆಗೂ ತಾಳುತ್ತವೆ. ಡಬ್ಬಿಯ ಮೇಲೆ ಬರೆದ ಫ್ಲಾಶ್ ಪಾಯಿಂಟ್ ಓದದೆ ಯಾವುದನ್ನೂ ಬಳಸಬೇಡಿ. ಎಣ್ಣೆಯ ಆವಿ ಕಿಡಿ ತಾಗಿದರೆ ಭಗ್ಗೆನ್ನುವ ಹಂತ ಅದು. ಬಾತ್ ಅದಕ್ಕಿಂತ ಸಾಕಷ್ಟು ಕೆಳಗೇ ಇರಬೇಕು.

ಇನ್ನೂ ಮೇಲಕ್ಕೆ ಕರಗಿದ ಉಪ್ಪುಗಳಿವೆ. ಪೊಟ್ಯಾಸಿಯಂ ನೈಟ್ರೇಟ್ 53 ಭಾಗ, ಸೋಡಿಯಂ ನೈಟ್ರೈಟ್ 40, ಸೋಡಿಯಂ ನೈಟ್ರೇಟ್ 7 ಬೆರೆಸಿದರೆ ಸುಮಾರು 142 ಡಿಗ್ರಿಗೆ ಕರಗಿ, 450ರವರೆಗೂ ಕೆಲಸಕ್ಕೆ ಬರುತ್ತದೆ. ಕೇಳಲು ಚೆಂದ. ಆದರೆ ಫ್ಲಾಸ್ಕು ಒಡೆದು ಒಳಗಿನ ಸಾವಯವ ದ್ರವ ಅದರಲ್ಲಿ ಬಿದ್ದರೆ ಸ್ಫೋಟವೇ ಆಗಬಹುದು. ವುಡ್ಸ್ ಮೆಟಲ್ ಸುಮಾರು 70 ಡಿಗ್ರಿಗೇ ಕರಗುತ್ತದೆ, ಆದರೆ ಅದರಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇವೆ. ನನ್ನನ್ನು ಕೇಳಿದರೆ ಮರಳೇ ವಾಸಿ. ನಿಧಾನವಾಗಿ ಕಾಯುತ್ತದೆ, ಒಂದೇ ಸಮನಾಗಿಯೂ ಕಾಯುವುದಿಲ್ಲ. ಆದರೆ ತಾನು ಹೊತ್ತಿಕೊಳ್ಳುವುದಿಲ್ಲವಲ್ಲ!

ಎಣ್ಣೆಯನ್ನೇ ಆರಿಸಿಕೊಂಡಿರಾದರೆ ನೀರಿನ ಬಗ್ಗೆ ಎಚ್ಚರ. ಒದ್ದೆ ಸೌಟು ಬಾಣಲೆಗೆ ತಾಗಿದರೆ ಎಣ್ಣೆ ಹೇಗೆ ಸಿಡಿಯುತ್ತದೆಂದು ನೋಡಿದ್ದೀರಿ. ನೀರು ಆವಿಯಾದಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಕಂಡೆನ್ಸರಿನ ರಬ್ಬರ್ ನಳಿಕೆ ಕಳಚಿದರೆ ಆ ನೀರು ನೇರ ಬಾತಿಗೇ ಬೀಳುತ್ತದೆ, ಸಿಡಿಯುವುದು ನಿಮ್ಮ ಮುಖಕ್ಕೆ. ನಳಿಕೆಯನ್ನು ತಂತಿಯಿಂದ ಬಿಗಿಯಿರಿ, ಕನ್ನಡಕ ಹಾಕಿಕೊಳ್ಳಿ, ಬಾತ್ ಉರಿಯಲು ಬಿಟ್ಟು ಊಟಕ್ಕೆ ಹೋಗಬೇಡಿ. ಎಣ್ಣೆ ಕಾದಂತೆ ಉಬ್ಬುತ್ತದೆ; ಪಾತ್ರೆಯ ಕಂಠದವರೆಗೆ ತುಂಬಿಸಲೂಬೇಡಿ.