ಬಾಸೆಲ್ ಮಿಷನ್ ಕುಟುಂಬಗಳ ಭಾರತವಾಸ ಮತ್ತು ಸ್ವದೇಶಗಮನ

ಬಾಸೆಲ್ ಮಿಷನ್ ಕುಟುಂಬಗಳು ಎಂದರೆ 19ನೆಯ ಶತಮಾನದಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಪರವಾಗಿ ಭಾರತದ ಪಶ್ಚಿಮ ಕರಾವಳಿ, ಉತ್ತರ ಕರ್ನಾಟಕ, ಕೊಡಗು, ನೀಲಗಿರಿ ಮತ್ತು ಮಲಬಾರಿನಲ್ಲಿ ನೆಲೆಸಿದ್ದ ಜರ್ಮನ್ ಹಾಗೂ ಸ್ವಿಸ್ ಕುಟುಂಬಗಳು. ಹರ್ಮನ್ ಮೋಗ್ಲಿಂಗ್, ಹರ್ಮನ್ ಗುಂಡರ್ಟ್ ಮತ್ತು ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು, ವ್ಯಾಕರಣ, ಪತ್ರಿಕೆ, ಮುದ್ರಣಗಳ ಕುರಿತು ಕನ್ನಡದಲ್ಲಿ ಸಾಕಷ್ಟು ಬರವಣಿಗೆ ಇದೆ. ಈ ವಿದ್ವಾಂಸರ ಮನೆಯೊಳಗಿನ ಬದುಕು, ಅವರ ಪತ್ನಿಯರು ಮತ್ತು ಮಕ್ಕಳು, ಅವರು ಊರಿಗೆ ಹಿಂದಿರುಗಿದ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಲೇಖನವು ಆ ಭಾಗವನ್ನು ಕುರಿತದ್ದು.

ಹಿನ್ನೆಲೆ

ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪನೆಯಾಯಿತು. ಅದರ ಆಡಳಿತ ಬಾಸೆಲ್ ನಗರದ ಸಮಿತಿಯ ಕೈಯಲ್ಲಿತ್ತು. ಆದರೆ ಹೊರದೇಶಗಳಿಗೆ ಹೋಗಲು ಸಿದ್ಧರಾದ ಯುವಕರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅಲ್ಲಿನ ರೈತ ಮತ್ತು ಕುಶಲಕರ್ಮಿ ಮನೆತನಗಳಲ್ಲಿ ಆಳವಾಗಿ ಬೇರೂರಿದ್ದ ಭಕ್ತಿಪಂಥವೇ ಮಿಷನ್ನಿನ ಆಧಾರ. 1834ರಲ್ಲಿ ಸಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ತಲಶ್ಶೇರಿ, ಕಣ್ಣೂರು, ಕಲ್ಲಿಕೋಟೆಗಳಲ್ಲಿ ಕೇಂದ್ರಗಳು ತಲೆಯೆತ್ತಿದವು.

ಹೊರಡುವಾಗ ಇವರಿಗೆ ಹಿಂದಿರುಗುವ ದಿನಾಂಕವೆಂಬುದು ಇರಲಿಲ್ಲ. ಸೇವೆ ಜೀವಿತಾವಧಿಯದು ಎಂಬ ಭಾವನೆಯಿಂದಲೇ ಅವರು ಹಡಗನ್ನು ಏರುತ್ತಿದ್ದರು. ಆರಂಭಕಾಲದಲ್ಲಿ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬರುವ ಹಾಯಿಹಡಗಿಗೆ ನಾಲ್ಕೈದು ತಿಂಗಳು ಹಿಡಿಯುತ್ತಿತ್ತು ಎಂಬುದನ್ನು ನೆನೆದರೆ ಈ ಭಾವನೆ ಅಸಹಜವೆನಿಸದು.

ವಿವಾಹ ಮತ್ತು ಮನೆವಾರ್ತೆ

ಅವಿವಾಹಿತರಾಗಿಯೇ ಭಾರತಕ್ಕೆ ಬರುವುದು ಮಿಷನರಿಗಳ ಸಾಮಾನ್ಯ ನಿಯಮವಾಗಿತ್ತು. ಕೆಲವು ವರ್ಷ ಸೇವೆ ಸಲ್ಲಿಸಿದ ಬಳಿಕ ಮದುವೆಗಾಗಿ ಸಮಿತಿಯ ಅನುಮತಿ ಬೇಡಬೇಕಿತ್ತು. ಅನುಮತಿ ದೊರೆತರೆ ಕನ್ಯೆಯನ್ನು ಹುಡುಕುವ ಹೊಣೆಯಲ್ಲಿಯೂ ಸಮಿತಿ ಪಾಲ್ಗೊಳ್ಳುತ್ತಿತ್ತು. ವ್ಯೂರ್ಟೆಂಬರ್ಗ್ ಅಥವಾ ಸ್ವಿಟ್ಜರ್‌ಲ್ಯಾಂಡಿನ ದೈವಭಕ್ತ ಮನೆಯೊಂದಕ್ಕೆ ಪತ್ರ ಹೋಗುತ್ತಿತ್ತು. ಹುಡುಗಿ ಒಪ್ಪಿದರೆ ಆಕೆ ಎಂದೂ ಕಾಣದ, ಇಲ್ಲವೇ ಒಂದೆರಡು ಬಾರಿ ಮಾತ್ರ ಕಂಡ ವ್ಯಕ್ತಿಯನ್ನು ವರಿಸಲು ಸಮುದ್ರ ದಾಟಿ ಬರುತ್ತಿದ್ದಳು. ಜರ್ಮನ್ ಭಾಷೆಯಲ್ಲಿ ಇಂಥವರಿಗೆ ‘ಮಿಷನ್ ವಧುಗಳು’ ಎಂಬ ಹೆಸರೇ ಇದೆ. ಹಿರಿಯರು ನಿಶ್ಚಯಿಸಿದ ಮದುವೆ ಕನ್ನಡ ಓದುಗರಿಗೆ ಹೊಸದಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಹೆರಿಗೆಗೆ, ಬಾಣಂತನಕ್ಕೆ, ಹಬ್ಬಕ್ಕೆ ತವರು ಎಂಬುದೊಂದು ಇತ್ತು. ಈ ವಧುಗಳಿಗೆ ತವರಿನಿಂದ ಬರುತ್ತಿದ್ದುದು ತಿಂಗಳುಗಟ್ಟಲೆ ಹಳೆಯದಾದ ಪತ್ರ ಮಾತ್ರ.

ಮಿಷನರಿಯ ಪತ್ನಿಗೆ ಸ್ವತಂತ್ರ ಹುದ್ದೆಯಾಗಲಿ ಸಂಬಳವಾಗಲಿ ಇರಲಿಲ್ಲ. ಕೆಲಸ ಮಾತ್ರ ಬೇಕಾದಷ್ಟಿತ್ತು. ಬಾಲಕಿಯರ ವಸತಿಶಾಲೆಯ ಮೇಲ್ವಿಚಾರಣೆ, ಹೊಲಿಗೆಯ ಪಾಠ, ಕಾಯಿಲೆಯವರ ಆರೈಕೆ, ಬಂದುಹೋಗುವ ಅತಿಥಿಗಳ ಉಪಚಾರ, ಇವುಗಳ ನಡುವೆ ತನ್ನ ಹೆರಿಗೆಗಳು. ಕಾಲರಾ, ಭೇದಿ, ಮಲೇರಿಯಾಗಳಿಗೆ ಆಗ ನಂಬಬಹುದಾದ ಚಿಕಿತ್ಸೆ ಹೆಚ್ಚೇನೂ ಇರಲಿಲ್ಲ. ಮಿಷನ್ ಕೇಂದ್ರಗಳ ಹಳೆಯ ಸ್ಮಶಾನಗಳಲ್ಲಿ ತಾಯಂದಿರ ಮತ್ತು ಹಸುಳೆಗಳ ಸಮಾಧಿಗಳಿವೆ.

ಮಕ್ಕಳು ಆಯಾಗಳ ಕೈಯಲ್ಲಿ ಬೆಳೆಯುತ್ತಿದ್ದರು. ತುಳು, ಕನ್ನಡ ಅಥವಾ ಮಲಯಾಳಂ ಅವರ ನಾಲಗೆಗೆ ಜರ್ಮನ್ ಭಾಷೆಗಿಂತ ಮೊದಲೇ ಹತ್ತುವುದೂ ಇತ್ತು. ತಂದೆಯು ಪಂಡಿತರನ್ನು ಕೂರಿಸಿಕೊಂಡು ವರ್ಷಗಟ್ಟಲೆ ಶ್ರಮಿಸಿ ಕಲಿತುದನ್ನು ಮಗು ಅಂಗಳದಲ್ಲಿ ಆಡುತ್ತಲೇ ಕಲಿಯುತ್ತಿತ್ತು. ಮಗುವಿನ ದೃಷ್ಟಿಯಲ್ಲಿ ಊರೆಂದರೆ ಮಂಗಳೂರು ಅಥವಾ ತಲಶ್ಶೇರಿ. ಯುರೋಪ್ ಎಂಬುದು ದೊಡ್ಡವರು ಮಾತನಾಡಿಕೊಳ್ಳುವ ಒಂದು ಸ್ಥಳ.

ಮಕ್ಕಳನ್ನು ಕಳುಹಿಸುವ ಪದ್ಧತಿ

ಈ ಕುಟುಂಬಗಳಲ್ಲಿ ಮೊದಲು ‘ಸ್ವದೇಶಕ್ಕೆ’ ಹೊರಡುತ್ತಿದ್ದವರು ಮಕ್ಕಳು. ಶಾಲೆಗೆ ಸೇರುವ ವಯಸ್ಸಿಗೆ ಬರುತ್ತಿದ್ದಂತೆ ಅವರನ್ನು ಯುರೋಪಿಗೆ ಕಳುಹಿಸುವುದು ಮೊದಲಿಗೆ ರೂಢಿಯಾಗಿತ್ತು. ಯೋಸೆಫ್ ಯೋಸೆನ್‌ಹಾನ್ಸ್ ಮಿಷನ್ನಿನ ಮುಖ್ಯಾಧಿಕಾರಿಯಾಗಿದ್ದ ಕಾಲದಲ್ಲಿ, 1853ರಲ್ಲಿ, ಅದು ನಿಯಮವಾಯಿತು ಮತ್ತು ಬಾಸೆಲ್ ನಗರದಲ್ಲಿ ಮಿಷನರಿ ಮಕ್ಕಳಿಗಾಗಿಯೇ ‘ಮಕ್ಕಳ ಮನೆ’ ಎಂಬ ವಸತಿನಿಲಯ ಆರಂಭವಾಯಿತು. ಭಾರತದಿಂದ ಮತ್ತು ಪಶ್ಚಿಮ ಆಫ್ರಿಕಾದ ಚಿನ್ನದ ತೀರದಿಂದ (ಇಂದಿನ ಘಾನಾ) ಬಂದ ಮಕ್ಕಳು ಅಲ್ಲಿ ಒಟ್ಟಿಗೆ ಬೆಳೆದರು.

ಇದಕ್ಕೆ ಹೇಳುತ್ತಿದ್ದ ಕಾರಣಗಳು ಹಲವು. ಉಷ್ಣ ಪ್ರದೇಶದ ಹವೆ ಮಕ್ಕಳ ದೇಹಕ್ಕೆ ಹಿಡಿಯದು ಎಂಬುದು ಒಂದು. ಯುರೋಪಿನ ಶಿಕ್ಷಣ ಇಲ್ಲಿ ದೊರೆಯದು ಎಂಬುದು ಇನ್ನೊಂದು. ಸುತ್ತಲಿನ ಭಾಷೆ, ನಡೆನುಡಿ, ಆಚಾರಗಳು ಮಗುವಿಗೆ ಅಂಟಿಕೊಳ್ಳುತ್ತವೆ ಎಂಬ ಭಯ ಮೂರನೆಯದು. ತಾಯಿಯು ಮನೆಯ ಚಿಂತೆಯಿಂದ ಬಿಡುಗಡೆಗೊಂಡು ಮಿಷನ್ನಿನ ಕೆಲಸಕ್ಕೆ ಪೂರ್ತಿಯಾಗಿ ದೊರೆಯುತ್ತಾಳೆ ಎಂಬ ಲೆಕ್ಕಾಚಾರವೂ ಇತ್ತು. ಮೊದಲ ಕಾರಣದಲ್ಲಿ ಸತ್ಯಾಂಶವಿತ್ತು. ಮೂರನೆಯದನ್ನು ಮಾತ್ರ ಇಂದಿನ ಓದುಗರು ಸಂದೇಹದಿಂದಲೇ ನೋಡಬೇಕಾಗುತ್ತದೆ. ಕನ್ನಡ ಮಲಯಾಳಂಗಳಿಗೆ ನಿಘಂಟು ಕಟ್ಟಲು ಆಯುಷ್ಯವನ್ನೇ ಕೊಟ್ಟ ಜನರ ಸಂಸ್ಥೆಯೇ, ತನ್ನ ಮಕ್ಕಳ ಬಾಯಲ್ಲಿ ಆ ಭಾಷೆಗಳು ಉಳಿಯುವುದನ್ನು ಅಪಾಯವೆಂದು ಕಂಡಿತು.

ಐದಾರು ವರ್ಷದ ಮಗು ಪರಿಚಿತ ಕುಟುಂಬವೊಂದರ ಜೊತೆಯಲ್ಲಿ ಹಡಗು ಹತ್ತಿತೆಂದರೆ ತಂದೆತಾಯಿಗಳನ್ನು ಮತ್ತೆ ಕಾಣುವುದು ಹತ್ತು ಹನ್ನೆರಡು ವರ್ಷಗಳ ಬಳಿಕವಾಗಬಹುದಿತ್ತು. ಎಂದೂ ಕಾಣದಿರುವುದೂ ಸಾಧ್ಯವಿತ್ತು. ಎತ್ತಿ ಆಡಿಸಿದ ಆಯಾಗಳಿಗೂ ಇದು ಅಗಲಿಕೆಯೇ. ಮಿಷನ್ನಿನ ವರದಿಗಳಲ್ಲಿ ಅವರ ಮಾತು ದಾಖಲಾದುದು ತೀರ ಅಪರೂಪ.

ಹಿಂದಿರುಗುವ ಸಿದ್ಧತೆ

ಹಿರಿಯರು ಊರಿಗೆ ಹೊರಡಲು ಸಾಮಾನ್ಯವಾಗಿ ಅನಾರೋಗ್ಯವೇ ಕಾರಣವಾಗುತ್ತಿತ್ತು. ವೈದ್ಯರ ಅಭಿಪ್ರಾಯದೊಡನೆ ಬಾಸೆಲ್ ಸಮಿತಿಗೆ ಅರ್ಜಿ ಬರೆಯುವುದು ಮೊದಲ ಹೆಜ್ಜೆ. ಪತ್ರ ಹೋಗಿ ಉತ್ತರ ಬರುವವರೆಗೆ ತಿಂಗಳುಗಳು ಕಳೆಯುತ್ತಿದ್ದವು. ಆ ಅವಧಿಯಲ್ಲಿ ಶಾಲೆ, ಸಭೆ, ಮುದ್ರಣಾಲಯಗಳ ಲೆಕ್ಕಪತ್ರಗಳನ್ನು ಉತ್ತರಾಧಿಕಾರಿಗೆ ಒಪ್ಪಿಸಬೇಕಿತ್ತು. ಮನೆ ಮಿಷನ್ನಿಗೆ ಸೇರಿದುದಾದ್ದರಿಂದ ಮಾರಲು ಕೊಳ್ಳಲು ಏನೂ ಇರಲಿಲ್ಲ.

ಹೊರಡುವ ಕಾಲವನ್ನು ಮಳೆಯೇ ನಿರ್ಧರಿಸುತ್ತಿತ್ತು. ಕರಾವಳಿಯ ರೇವುಗಳು ಮುಂಗಾರಿನಲ್ಲಿ ಹಡಗು ಸಂಚಾರಕ್ಕೆ ಮುಚ್ಚಿರುತ್ತಿದ್ದುದರಿಂದ ಮೇ ತಿಂಗಳೊಳಗೆ ಹೊರಡಬೇಕು, ಇಲ್ಲವೇ ಮಳೆಗಾಲ ಕಳೆಯುವವರೆಗೆ ಕಾಯಬೇಕು. ಮಂಗಳೂರಿನಲ್ಲಿ ದೊಡ್ಡ ಹಡಗುಗಳು ಅಳಿವೆಯ ಹೊರಗೆ ನಿಲ್ಲುತ್ತಿದ್ದವು. ಪ್ರಯಾಣಿಕರನ್ನೂ ಪೆಟ್ಟಿಗೆಗಳನ್ನೂ ದೋಣಿಯಲ್ಲಿ ಸಾಗಿಸಬೇಕಿತ್ತು. ಅಲ್ಲಿಂದ ಮುಂಬಯಿ, ಏಡನ್, ಸೂಯೆಜ್. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ ಈ ಮಾರ್ಗ ಹಿಡಿದವರು ಸೂಯೆಜ್‌ನಲ್ಲಿ ಇಳಿದು, ಈಜಿಪ್ಟಿನ ನೆಲವನ್ನು ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ಬೇರೆ ಹಡಗನ್ನು ಹತ್ತುತ್ತಿದ್ದರು. ಕಾಲುವೆ ತೆರೆದ ಮೇಲೆ ಪ್ರಯಾಣ ವಾರಗಳ ಲೆಕ್ಕಕ್ಕೆ ಇಳಿಯಿತು.

ಪೆಟ್ಟಿಗೆಗಳಲ್ಲಿ ಚಳಿಗೆ ಬೇಕಾದ ಉಣ್ಣೆಯ ಬಟ್ಟೆಗಳಿಗಿಂತ ಕಾಗದಗಳೇ ಹೆಚ್ಚು ತೂಗಿದ ಉದಾಹರಣೆಗಳಿವೆ. ಗುಂಡರ್ಟ್ ತಮ್ಮೊಡನೆ ಒಯ್ದ ಹಸ್ತಪ್ರತಿಗಳ, ಟಿಪ್ಪಣಿಗಳ ಸಂಗ್ರಹವು ಇಂದು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಗುಂಡರ್ಟ್ ಕುಟುಂಬ

ಮೂರು ತಲೆಮಾರುಗಳ ದಾಖಲೆ ದೊರೆಯುವುದರಿಂದ, ಈ ಬಗೆಯ ಬದುಕನ್ನು ತಿಳಿಯಲು ಗುಂಡರ್ಟ್ ಕುಟುಂಬದ ಕಥೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾಗಿದೆ.

ಹರ್ಮನ್ ಗುಂಡರ್ಟ್ (1814–1893) ಸ್ಟುಟ್‌ಗಾರ್ಟ್ ನಗರದವರು. 1836ರಲ್ಲಿ ಆಂಟನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮಿಷನರಿಯ ತಂಡದೊಡನೆ ಭಾರತಕ್ಕೆ ಬಂದರು. ಅದೇ ತಂಡದಲ್ಲಿ ಬಂದಿದ್ದ, ಫ್ರೆಂಚ್ ಮಾತೃಭಾಷೆಯ ಸ್ವಿಸ್ ಮಹಿಳೆ ಜೂಲಿ ದ್ಯುಬುವಾ ಅವರನ್ನು 1838ರಲ್ಲಿ ಚಿತ್ತೂರಿನಲ್ಲಿ ವಿವಾಹವಾದರು. ಅದೇ ವರ್ಷ ದಂಪತಿಗಳು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನನ್ನು ಸೇರಿದರು. 1839ರಲ್ಲಿ ತಲಶ್ಶೇರಿಯ ಬಳಿಯ ಇಲ್ಲಿಕುನ್ನಿಗೆ ತೆರಳಿದರು. ಜೂಲಿ ಅಲ್ಲಿ ಬಾಲಕಿಯರ ಶಾಲೆಯನ್ನು ನಡೆಸಿದರು. ಗುಂಡರ್ಟ್ ಅವರ ಮಲಯಾಳಂ ಕೆಲಸ ಬೆಳೆದುದು ಈ ಮನೆಯಲ್ಲಿ.

ಅವರ ಮಗಳು ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಆ ದಶಕದ ಮಧ್ಯದಲ್ಲಿ ಯುರೋಪಿಗೆ ಹೋಗಿಬಂದ ತಂದೆತಾಯಿಗಳು ಮಗಳನ್ನು ಅಲ್ಲಿಯೇ ಬಿಟ್ಟು ಭಾರತಕ್ಕೆ ಮರಳಿದರು. ಆಗ ಆಕೆಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ‘ಮಕ್ಕಳ ಮನೆ’ ಇನ್ನೂ ಹುಟ್ಟಿರದ ಕಾಲವಾದ್ದರಿಂದ ಮಾರೀ ಬಾಸೆಲ್ ನಗರದಲ್ಲಿ ಬೇರೆಯವರ ಮನೆಯಲ್ಲಿ, ಆಮೇಲೆ ವ್ಯೂರ್ಟೆಂಬರ್ಗಿನ ಕೋರ್ನ್‌ಟಾಲ್ ವಸತಿಶಾಲೆಯಲ್ಲಿ ಬೆಳೆದಳು. 1857ರಲ್ಲಿ, ಹದಿನೈದರ ಹರೆಯದಲ್ಲಿ, ಆಕೆ ಭಾರತಕ್ಕೆ ಮರಳಿ ಬಂದಾಗ ಹಡೆದವರನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಯಿತು. ಹಡಗಿನಲ್ಲಿ ಪರಿಚಿತನಾದ ಆಂಗ್ಲ ಯುವಕನೊಬ್ಬನನ್ನು ಆಕೆ ಮೆಚ್ಚಿದ್ದಳು. ಆ ಸಂಬಂಧವನ್ನು ಮನೆಯವರು ಒಪ್ಪಲಿಲ್ಲ.

ಅದೇ ವರ್ಷ ಗುಂಡರ್ಟ್ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಸರ್ಕಾರಿ ಶಾಲಾ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡಿದ್ದರು. ಆರೋಗ್ಯ ಕೆಟ್ಟು 1859ರಲ್ಲಿ ಊರಿಗೆ ಹೊರಟರು. ಜೂಲಿ ಮರುವರ್ಷ ಅವರನ್ನು ಸೇರಿಕೊಂಡರು. ಗುಂಡರ್ಟ್ ಮತ್ತೆ ಭಾರತಕ್ಕೆ ಬರಲಿಲ್ಲ. ಕಪ್ಪು ಅರಣ್ಯದ ಅಂಚಿನ ಕಾಲ್ವ್ ಪಟ್ಟಣದಲ್ಲಿ ನೆಲೆಸಿ, 1862ರಿಂದ ಅಲ್ಲಿನ ಕ್ರೈಸ್ತ ಪ್ರಕಾಶನ ಸಂಸ್ಥೆಯನ್ನು ಮುನ್ನಡೆಸಿದರು. ಅವರ ಮಲಯಾಳಂ-ಇಂಗ್ಲಿಷ್ ನಿಘಂಟು ಬೆಳಕು ಕಂಡುದು 1872ರಲ್ಲಿ, ಅಂದರೆ ಅವರು ಮಲಬಾರನ್ನು ಬಿಟ್ಟ ಹದಿಮೂರು ವರ್ಷಗಳ ನಂತರ. ದೇಹ ಊರನ್ನು ಸೇರಿದ್ದರೂ ಕೆಲಸ ಇಲ್ಲಿಯೇ ಇತ್ತು.

ಮಾರೀ 1865ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ವಿವಾಹವಾಗಿ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸಂಸಾರ ಹೂಡಿದರು. ಪತಿಯ ಕಾಯಿಲೆಯಿಂದ ಆ ಕುಟುಂಬವೂ ಯುರೋಪಿಗೆ ಹೊರಡಬೇಕಾಯಿತು. 1870ರಲ್ಲಿ ಇಸೆನ್‌ಬರ್ಗ್ ತೀರಿಕೊಂಡಾಗ ಮಾರೀ ಇಬ್ಬರು ಗಂಡುಮಕ್ಕಳ ತಾಯಿ. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಮಕ್ಕಳೊಡನೆ ಕಾಲ್ವ್‌ನ ತಂದೆಯ ಮನೆಯನ್ನು ಸೇರಿದರು.

ಇತ್ತ ಎಸ್ಟೋನಿಯಾ ಮೂಲದ ಯೊಹಾನೆಸ್ ಹೆಸ್ಸೆ ಎಂಬ ತರುಣ ಬಾಸೆಲ್ ಮಿಷನ್ನಿನ ಮೂಲಕ 1869ರಲ್ಲಿ ಮಂಗಳೂರಿಗೆ ಬಂದಿದ್ದರು. ಕರಾವಳಿಯ ಹವೆ ಅವರಿಗೆ ಒಗ್ಗದೆ 1873ರಲ್ಲಿ ಹಿಂದಿರುಗಬೇಕಾಯಿತು. ಮಿಷನ್ ಅವರನ್ನು ಗುಂಡರ್ಟ್ ಅವರಿಗೆ ಸಹಾಯಕರನ್ನಾಗಿ ಕಾಲ್ವ್‌ಗೆ ಕಳುಹಿಸಿತು. 1874ರಲ್ಲಿ ಅವರಿಗೂ ಮಾರೀ ಅವರಿಗೂ ವಿವಾಹವಾಯಿತು. 1877ರ ಜುಲೈ 2ರಂದು ಹುಟ್ಟಿದ ಇವರ ಮಗನೇ ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ, ‘ಸಿದ್ಧಾರ್ಥ’ ಕೃತಿಯ ಕರ್ತೃ.

ಕೆಲಕಾಲ ಹೆಸ್ಸೆ ಕುಟುಂಬ ಬಾಸೆಲ್ ನಗರದಲ್ಲಿತ್ತು. ತುಂಟನೆನಿಸಿದ ಬಾಲಕ ಹರ್ಮನ್‌ನನ್ನು 1884ರಲ್ಲಿ ಕೆಲವು ತಿಂಗಳು ಮಿಷನ್ನಿನ ಬಾಲಕರ ನಿಲಯದಲ್ಲಿ ಇರಿಸಲಾಯಿತು. ತಂದೆತಾಯಿಗಳು ಅದೇ ನಗರದಲ್ಲಿದ್ದರು. ಆತ ಮನೆಗೆ ಬರುತ್ತಿದ್ದುದು ಭಾನುವಾರಗಳಲ್ಲಿ. ಮಾರೀ ತಾವು ಬಾಲ್ಯದಲ್ಲಿ ಅನುಭವಿಸಿದ ಅಗಲಿಕೆಯ ಬಳಿಕವೂ ಈ ವ್ಯವಸ್ಥೆಗೆ ಒಪ್ಪಿದರು ಎಂಬುದು, ಆ ಪದ್ಧತಿ ಈ ಕುಟುಂಬಗಳಲ್ಲಿ ಎಷ್ಟು ಸಹಜವಾಗಿ ಬೇರೂರಿತ್ತು ಎಂಬುದನ್ನು ತೋರಿಸುತ್ತದೆ. ಹೆಸ್ಸೆ 1911ರಲ್ಲಿ ಪೂರ್ವದೇಶಗಳ ಪ್ರವಾಸ ಕೈಗೊಂಡು ಸಿಲೋನ್, ಮಲಯ, ಸುಮಾತ್ರಾಗಳವರೆಗೆ ಬಂದರು. ತಾಯಿ ಹುಟ್ಟಿದ ಮಲಬಾರನ್ನು ಮಾತ್ರ ಅವರು ನೋಡಲಿಲ್ಲ.

ಮೋಗ್ಲಿಂಗ್ ಮತ್ತು ಕಿಟೆಲ್

1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗ್, ಪತ್ನಿ ಪೌಲೀನಾ ಅವರ ಅನಾರೋಗ್ಯದಿಂದಾಗಿ 1860ರಲ್ಲಿ ಭಾರತವನ್ನು ಬಿಟ್ಟರು.

ಕಿಟೆಲ್ 1853ರಲ್ಲಿ ಬಂದವರು. 1860ರಲ್ಲಿ ಪೌಲೀನಾ ಐತ್ ಅವರನ್ನು ವಿವಾಹವಾದರು. ಆಕೆ 1864ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ ಅವರನ್ನು ವರಿಸಿದರು. ಕುಟುಂಬದೊಡನೆ ಜರ್ಮನಿಗೆ ಹಿಂದಿರುಗಿದ ಬಳಿಕ ಕಿಟೆಲ್ 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಪತ್ನಿ ಮತ್ತು ಮಕ್ಕಳನ್ನು ಅಲ್ಲಿಯೇ ಬಿಟ್ಟು ನಿಘಂಟಿನ ಕೆಲಸಕ್ಕಾಗಿ ಮತ್ತೆ ಭಾರತಕ್ಕೆ ಬಂದರು. ಕಣ್ಣಿನ ತೊಂದರೆಯ ನಡುವೆಯೂ ದುಡಿದು, 1892ರಲ್ಲಿ ಕೊನೆಯ ಬಾರಿಗೆ ಇಲ್ಲಿಂದ ಹೊರಟರು. ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆ ಗ್ರಂಥದ ಹಿಂದೆ ಗಂಡನಿಲ್ಲದೆ, ತಂದೆಯಿಲ್ಲದೆ ವರ್ಷಗಟ್ಟಲೆ ಬಾಳಿದ ಮನೆಯೊಂದು ಇತ್ತು ಎಂಬುದನ್ನು ಕನ್ನಡಿಗರು ನಿಘಂಟು ತೆರೆಯುವಾಗ ನೆನೆಯುವುದು ಕಡಿಮೆ.

ಬಲವಂತದ ನಿರ್ಗಮನ

1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧ ಈ ಎಲ್ಲ ಕ್ರಮಗಳನ್ನು ಮುರಿಯಿತು. ಜರ್ಮನ್ ಪ್ರಜೆಗಳಾದ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಪರಿಗಣಿಸಿ ಅಹಮದ್‌ನಗರ ಮೊದಲಾದ ಶಿಬಿರಗಳಲ್ಲಿ ಇರಿಸಿತು. 1915 ಮತ್ತು 1916ರಲ್ಲಿ ‘ಗೋಲ್ಕೊಂಡಾ’ ಎಂಬ ಹಡಗಿನಲ್ಲಿ ಅನೇಕ ಕುಟುಂಬಗಳನ್ನು ಯುರೋಪಿಗೆ ಸಾಗಿಸಲಾಯಿತು. ಯುದ್ಧಕ್ಕೆ ಅರ್ಹವಾದ ವಯಸ್ಸಿನ ಗಂಡಸರು ಹೆಂಡತಿ ಮಕ್ಕಳಿಂದ ಬೇರ್ಪಟ್ಟು ಶಿಬಿರದಲ್ಲಿಯೇ ಉಳಿದರು. ಮಿಷನ್ನಿನ ಹೆಂಚು ಮತ್ತು ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈ ಸೇರಿದವು.

ಸ್ಮಾರಕಗಳು

ಇಲ್ಲಿಕುನ್ನಿನಲ್ಲಿ ಗುಂಡರ್ಟ್ ವಾಸಿಸಿದ ಬಂಗಲೆ ಈಗ ವಸ್ತುಸಂಗ್ರಹಾಲಯವಾಗಿದೆ. ಧಾರವಾಡದ ಕಿಟೆಲ್ ಕಾಲೇಜು ಮತ್ತು ಬೆಂಗಳೂರಿನ ಕಿಟೆಲ್ ಪ್ರತಿಮೆ ನಿಘಂಟುಕಾರರ ಹೆಸರನ್ನು ಉಳಿಸಿವೆ. ಮಾರೀ ಹೆಸ್ಸೆ ಅವರ ಪತ್ರಗಳನ್ನೂ ದಿನಚರಿಯನ್ನೂ ಆಕೆಯ ಮಗಳು ಅಡೆಲೆ ಸಂಪಾದಿಸಿ 1934ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು.