ಅಪಘಾತವೂ ಮೌನವೂ

ಜಯನಗರದಿಂದ ಬನಶಂಕರಿಯವರೆಗೆ ಯಾವ ಬೀದಿಯಲ್ಲಿಯಾದರೂ ಕಾಣಬಹುದಾದ ದೃಶ್ಯವೊಂದುಂಟು. ಮೋಟಾರು ಕಾರು ದಾರಿಹೋಕನಿಗೆ ತಗಲುತ್ತದೆ, ಬಿದ್ದವನು ಮೈಕೊಡವಿ ಏಳುತ್ತಾನೆ, ಜನ ಸೇರುತ್ತಾರೆ, ಕಾರಿನವರು ಐನೂರು ರೂಪಾಯಿ ಕೈಗಿಟ್ಟು, ಠಾಣೆಯ ಗೊಡವೆ ಬೇಡವೆಂದು ಹೊರಟುಹೋಗುತ್ತಾರೆ. ಲೋಕವು ಇದನ್ನು ಜಾಣತನವೆನ್ನುತ್ತದೆ. ಉಭಯತರಿಗೂ ಇದು ಅಪಾಯಕರವಾದ ಅವಿವೇಕವೆಂದೇ ನಾವು ಹೇಳಬೇಕಾಗಿದೆ.

೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೩೪ನೆಯ ಪ್ರಕರಣವು ಸ್ಪಷ್ಟವಾಗಿದೆ. ಗಾಯಗೊಂಡವನಿಗೆ ಚಿಕಿತ್ಸೆ ದೊರಕಿಸಬೇಕು. ಪೋಲೀಸರು ಸ್ಥಳದಲ್ಲಿಲ್ಲದಿದ್ದರೆ ಆದಷ್ಟು ಬೇಗನೆ, ಹೆಚ್ಚೆಂದರೆ ೨೪ ಗಂಟೆಗಳೊಳಗೆ, ಸಮೀಪದ ಠಾಣೆಗೆ ವರದಿ ಕೊಡಬೇಕು. ವಿಮಾ ಕಂಪೆನಿಗೂ ಬರೆದು ತಿಳಿಸಬೇಕು. ಜನರ ಆಕ್ರೋಶಕ್ಕೆ ಅಂಜಿ ಸ್ಥಳ ಬಿಡಬೇಕಾಗಿ ಬಂದರೆ ಆ ಕಾರಣವನ್ನೂ ಠಾಣೆಯಲ್ಲಿ ಹೇಳಬಹುದು. ಕಾಯಿದೆಯು ಅಷ್ಟು ದಯೆಯನ್ನು ತೋರಿದೆ. ತಪ್ಪಿದವರಿಗೆ ೨೦೧೯ರ ತಿದ್ದುಪಡಿಯಂತೆ ಆರು ತಿಂಗಳವರೆಗೆ ಸೆರೆ, ೫,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು.

ಶಿಕ್ಷೆಗಿಂತ ದೊಡ್ಡದು ಮೌನದಿಂದಾಗುವ ನಷ್ಟ. ತಲೆಗೆ ಬಿದ್ದ ಪೆಟ್ಟಿನ ಪರಿಣಾಮವು ಕೆಲವು ವೇಳೆ ಗಂಟೆಗಳು ಕಳೆದ ಮೇಲೆ ತೋರುತ್ತದೆ. ಜಯನಗರದ ಸಾರ್ವಜನಿಕ ಆಸ್ಪತ್ರೆಯೂ, ಸಂಜಯ ಗಾಂಧಿ ಅಪಘಾತ ಚಿಕಿತ್ಸಾ ಸಂಸ್ಥೆಯೂ, ನಿಮ್ಹಾನ್ಸೂ ಈ ಭಾಗದಲ್ಲಿಯೇ ಇರುವಾಗ ಪರೀಕ್ಷೆಯಿಲ್ಲದೆ ಮನೆಗೆ ಕಳುಹಿಸುವುದಕ್ಕೆ ನೆವವೇನು? ಬೆಳಗಾಗುವುದರೊಳಗೆ ಅವನು ಎಚ್ಚರ ತಪ್ಪಿದರೆ, ವಾಹನದ ಗುರುತೇ ಸಿಗದಿದ್ದರೆ, ೨೦೨೨ರ ಯೋಜನೆಯಂತೆ ತೀವ್ರ ಗಾಯಕ್ಕೆ ೫೦,೦೦೦ ರೂಪಾಯಿ, ಮರಣಕ್ಕೆ ೨ ಲಕ್ಷ ರೂಪಾಯಿ ದೊರೆತೀತು. ವಾಹನವು ಗೊತ್ತಾಗಿದ್ದರೆ ಅವನ ಸಂಪಾದನೆಯನ್ನೂ ಅವಲಂಬಿತರನ್ನೂ ಗಣಿಸಿ ನ್ಯಾಯಮಂಡಲಿಯು ಪರಿಹಾರವನ್ನು ನಿರ್ಧರಿಸುತ್ತಿತ್ತು. ಇತ್ತ ಗುರುತು ಹತ್ತಿದ ಚಾಲಕನಿಗೂ ಸುಖವಿಲ್ಲ: ಆಕಸ್ಮಿಕವು ಪಲಾಯನವಾಗಿ ಕಾಣುತ್ತದೆ, ವಿಮಾ ಕಂಪೆನಿಯ ತಕರಾರಿಗೆ ದಾರಿಯಾಗುತ್ತದೆ, ಕೊಟ್ಟ ಐನೂರು ರೂಪಾಯಿಯೇ ತಪ್ಪೊಪ್ಪಿಗೆಯಂತೆ ಎದುರು ನಿಲ್ಲುತ್ತದೆ.

೨೦೨೩ರ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಜಾಗರೂಕತೆಯಿಂದ ಪ್ರಾಣಹಾನಿ ಮಾಡಿ ವರದಿ ಕೊಡದೆ ಓಡಿದವನಿಗೆ ಹತ್ತು ವರ್ಷಗಳವರೆಗೆ ಸೆರೆಯೆಂದು ಬರೆಯಲಾಯಿತು. ೨೦೨೪ರ ಜನವರಿಯಲ್ಲಿ ಚಾಲಕರು ಮುಷ್ಕರ ಹೂಡಿದರು. ಜುಲೈ ೧ರಂದು ಸಂಹಿತೆಯು ಜಾರಿಗೆ ಬಂದಾಗ ಆ ಉಪಪ್ರಕರಣವನ್ನು ತಡೆಹಿಡಿಯಲಾಯಿತು. ಅದರಿಂದ ಹಳೆಯ ಕರ್ತವ್ಯವೇ ಕಳೆಯಿತೆಂದು ಭಾವಿಸುವುದು ಸಲ್ಲದು.

ಅಧಿಕಾರಿವರ್ಗದವರಲ್ಲಿಯೂ ನಮ್ಮ ವಿಜ್ಞಾಪನೆಯೊಂದಿದೆ. ಪೌರರು ಬಾಯಿಮುಚ್ಚುವುದು ದುಷ್ಟತನದಿಂದಲೇ ಅಲ್ಲ, ಠಾಣೆಯ ಅಲೆದಾಟದ ಭಯದಿಂದ. ತಪಾಸಣೆಗೆ ಒಯ್ದ ವಾಹನವನ್ನು ವಿಧಿಗಳು ಮುಗಿದ ಬಳಿಕ ೨೪ ಗಂಟೆಗಳೊಳಗೆ ಹಿಂದಿರುಗಿಸಬೇಕೆಂದು ಅದೇ ಕಾಯಿದೆಯ ೧೩೬ನೆಯ ಪ್ರಕರಣವು ವಿಧಿಸಿದೆ. ಪೌರನಿಗೊಂದು ದಿನದ ಗಡುವು. ಸರಕಾರಕ್ಕೂ ಒಂದು ದಿನದ ಗಡುವು. ಎರಡನೆಯದನ್ನು ಠಾಣೆಗಳು ಪಾಲಿಸಿದರೆ ಮೊದಲನೆಯದನ್ನು ಪಾಲಿಸಲು ಪೌರರು ಹಿಂಜರಿಯಲಾರರು. ಆದರೆ ಅಲ್ಲಿಯವರೆಗೆ ಕಾಯುತ್ತ ಕುಳಿತುಕೊಳ್ಳಲು ಬೀದಿಯಲ್ಲಿ ಬಿದ್ದವನಿಗೆ ವ್ಯವಧಾನವಿಲ್ಲ.