ಮೋಟೆಬೆನ್ನೂರು ದಾಟಿದ ಮೇಲೆ

ನಾನು ವೈದ್ಯನಲ್ಲ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದ ವಾಣಿಜ್ಯ ಪದವೀಧರ. ಆದರೂ ನಮ್ಮ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯುವ ಧೈರ್ಯ ಮಾಡಿದ್ದೇನೆ. ಕಳೆದ ವರ್ಷ ಪುಣೆಯಿಂದ ತುಮಕೂರಿಗೆ ಒಬ್ಬನೇ ಕಾರು ನಡೆಸಿಕೊಂಡು ಹೋದಾಗ ಆದ ಅನುಭವವೇ ಇದಕ್ಕೆ ಕಾರಣ.

ತಂಗಿಯ ಮನೆಯ ಗೃಹಪ್ರವೇಶಕ್ಕೆ ಮನೆಯವರು ರೈಲಿನಲ್ಲಿ ಮುಂಚಿತವಾಗಿಯೇ ತೆರಳಿದ್ದರು. ಅರ್ಧವಾರ್ಷಿಕ ಲೆಕ್ಕ ಮುಗಿಸಬೇಕಾಗಿದ್ದುದರಿಂದ ನಾನು ಉಳಿದೆ. ರಾತ್ರಿ ಹಾಸಿಗೆ ಸೇರಿದಾಗ ಹನ್ನೆರಡು. ಬೆಳಗಿನ ಐದಕ್ಕೆ ಹೊರಟೆ. 750 ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಒಂದೇ ದಿನದಲ್ಲಿ ಕ್ರಮಿಸುವ ಹುಮ್ಮಸ್ಸು.

ಖಂಬಾಟಕಿ ಘಟ್ಟ, ಕರಾಡದ ಕಬ್ಬಿನ ಗದ್ದೆಗಳು, ಕೊಲ್ಲಾಪುರ ಎಲ್ಲವೂ ಸುಗಮವಾಗಿ ಹಿಂದಾದವು. ನಿಪ್ಪಾಣಿಯಲ್ಲಿ ಅಂಗಡಿಗಳ ಮೇಲೆ ಕನ್ನಡ ಅಕ್ಷರಗಳು ಕಂಡಾಗ ಪರಸ್ಥಳವಾಸಿಗೆ ಆಗುವ ಸಂತೋಷವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ಸಂತೋಷದಲ್ಲಿ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹಾವೇರಿ ದಾಟಿದಾಗ ಮಧ್ಯಾಹ್ನ ಮೂರರ ಸುಮಾರು. ಮೋಟೆಬೆನ್ನೂರು ಹಿಂದಾದುದು ನೆನಪಿದೆ. ಅನಂತರದ ಕೆಲವು ಕ್ಷಣಗಳು ನೆನಪಿಲ್ಲ. ಎಡಗಡೆಯ ಗಾಲಿಗಳು ರಸ್ತೆಯಂಚಿನ ಜಲ್ಲಿಗೆ ಇಳಿದು ಕಾರು ತಟತಟನೆ ಅದುರಿದಾಗ ಎಚ್ಚೆತ್ತೆ. ಮುಂದೆ ಐವತ್ತು ಗಜದಲ್ಲಿ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರೊಂದು ನಿಂತಿತ್ತು. ಹೇಗೆ ತಪ್ಪಿಸಿದೆನೋ ಅರಿಯೆ. ನನ್ನ ಕಣ್ಣು ಮುಚ್ಚಿತ್ತೆಂಬುದೇ ನನಗೆ ತಿಳಿದಿರಲಿಲ್ಲ.

ಚಹದಂಗಡಿಯ ಬಳಿ ಕಾರು ನಿಲ್ಲಿಸಿ, ನಡುಗುವ ಕೈಗಳಿಂದ ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದೆ. ಅಲ್ಲಿದ್ದ ವಯಸ್ಸಾದ ಲಾರಿ ಚಾಲಕರೊಬ್ಬರು ನೋಡಿ ಹೇಳಿದರು: "ನೀರು ಹಾಕ್ಕೊಂಡ್ರ ಹೋಗೂ ನಿದ್ದಿ ಅಲ್ರಿ ಸಾಹೇಬ್ರ ಇದು. ಇಪ್ಪತ್ತು ಮಿನಿಟ್ ಮಲ್ಕೊಳ್ರಿ."

ಆ ಮಾತು ಶಾಸ್ತ್ರಸಮ್ಮತವೆಂದು ಅನಂತರ ಓದಿ ತಿಳಿದೆ. ನಿದ್ರೆ ಸಾಲದ ಮೆದುಳು ನಮ್ಮ ಅಪ್ಪಣೆಗೆ ಕಾಯದೆ ಕೆಲವು ಕ್ಷಣ ಮಲಗಿಬಿಡುತ್ತದೆ. ಕೆಲವೊಮ್ಮೆ ಕಣ್ಣು ತೆರೆದಿದ್ದಾಗಲೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಕಾರು ಸುಮಾರು 90 ಮೀಟರ್ ಓಡುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೇಹದ ಎಚ್ಚರ ಸಹಜವಾಗಿಯೇ ಇಳಿಯುತ್ತದೆ. ಭಾರಿ ಊಟ ಅದಕ್ಕೆ ನೆರವಾಗುತ್ತದೆ. ತಣ್ಣೀರು, ತೆರೆದ ಕಿಟಕಿ, ಹಾಡು, ಇವು ಸ್ವಲ್ಪ ಹೊತ್ತಿನ ಉಪಾಯಗಳು. ಕಾಫಿಯ ಪ್ರಭಾವ ಕಾಣಲು ಅರ್ಧ ಗಂಟೆ ಬೇಕು. ಆದ್ದರಿಂದ ಕಾಫಿ ಕುಡಿದು ಕೂಡಲೇ ಹದಿನೈದಿಪ್ಪತ್ತು ನಿಮಿಷ ಮಲಗುವುದು ಲೇಸು. ಹದಿನೇಳು ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯಸಾರವುಳ್ಳವನ ಮಟ್ಟಕ್ಕೆ ಇಳಿಯುವುದೆಂದು 1997ರ ಸಂಶೋಧನೆಯೊಂದು ತೋರಿಸಿತು. ನಮ್ಮ ಕಾನೂನಿನ ಮಿತಿ 0.03. ಮದ್ಯ ಮುಟ್ಟದ ನನ್ನಂಥವರು ಇದನ್ನು ಎರಡು ಬಾರಿ ಓದಬೇಕು!

1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು, ಐದು ಗಂಟೆಯ ದುಡಿಮೆಯೊಳಗೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದು ವಿಧಿಸಿತು. ಸ್ವಂತ ಕಾರಿನವನಿಗೆ ಹಾಗೆ ವಿಧಿಸುವವರು ಯಾರು? ಪಕ್ಕದಲ್ಲಿ ಹೆಂಡತಿಯಿದ್ದರೆ "ನಿಲ್ಲಿಸಿ, ಕಾಲು ಹಿಡಿಯುತ್ತಿದೆ" ಎನ್ನುತ್ತಾಳೆ. ನಾವು ಗೊಣಗುತ್ತ ನಿಲ್ಲಿಸುತ್ತೇವೆ. ಒಂಟಿ ಪ್ರಯಾಣದಲ್ಲಿ ಆ ಗೊಣಗಾಟಕ್ಕೂ ಅವಕಾಶವಿಲ್ಲ.

ಇಪ್ಪತ್ತು ನಿಮಿಷ ಮಲಗಿದೆ. ಆದರೆ ತುಮಕೂರಿನ ಹಟ ಇಳಿದಿತ್ತು. ದಾವಣಗೆರೆಯ ಸಾಧಾರಣ ಹೋಟೆಲೊಂದರಲ್ಲಿ ತಂಗಿದೆ. "ಒಬ್ರೇ ಏನ್ರೀ?" ಎಂದು ಗುಮಾಸ್ತ ಎರಡು ಸಲ ಕೇಳಿದ, ನಡುವಯಸ್ಸಿನ ಒಂಟಿ ಗಿರಾಕಿಯ ಮೇಲೆ ಅವನಿಗೇನೋ ಸಂಶಯ. ರಸ್ತೆಯ ಕಡೆಯ ಕೋಣೆ ಬೇಡವೆಂದು ಹಿಂದಿನದನ್ನು ಕೇಳಿ ಪಡೆದೆ. ಆದರೂ ಲಿಫ್ಟಿನ ಸದ್ದಿಗೆ ಎರಡು ಬಾರಿ ಎಚ್ಚರವಾಯಿತು. ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಎಡಭಾಗ ಕಾವಲುಗಾರನಂತೆ ಅರೆನಿದ್ರೆಯಲ್ಲಿರುತ್ತದೆಂದು 2016ರಲ್ಲಿ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನನ್ನ ಕಾವಲುಗಾರನೂ ಬಳಲಿದ್ದನೆಂದು ತೋರುತ್ತದೆ. ಮೂರನೆಯ ಸಲ ಏಳಲಿಲ್ಲ.

ಬೆಳಿಗ್ಗೆ ಬೆಣ್ಣೆ ದೋಸೆ ಒಂದೇ ಒಂದು ತಿಂದು ಹೊರಟೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಗೃಹಪ್ರವೇಶದ ಮುಹೂರ್ತ ತಪ್ಪಿತ್ತು. ಊಟದ ಪಂಕ್ತಿ ತಪ್ಪಲಿಲ್ಲ.

ತಡವಾದುದೇಕೆಂದು ಹೆಂಡತಿ ಕೇಳಿದಾಗ, ದಾರಿಯಲ್ಲಿ ರಸ್ತೆ ದುರಸ್ತಿ ನಡೆದಿತ್ತೆಂದು ಹೇಳಿದ್ದೆ. ಈ ಸಂಚಿಕೆ ಮನೆಗೆ ಬಂದಾಗ ಮೊದಲು ತೆರೆದು ಓದುವವಳು ಅವಳೇ.